ನಾಲ್ಕು ಚಕ್ರದ ಕೋಣೆಗೆ ಬಣ್ಣ

ಅವರ ಉತ್ತರಕ್ರಿಯೆಯ ಊಟದಲ್ಲಿ ಸಣ್ಣ ಜಗಳವಾಯಿತು. ಕಾರಣ, ಕಾರಿನ ಬಣ್ಣ. ಪಾಯಸದ ಪಾತ್ರೆ ಪಂಕ್ತಿಯ ಮಧ್ಯಕ್ಕೆ ಬಂದಾಗ ಯಾರೋ “ಆ ನೀಲಿ ಗಾಡಿ ಇತ್ತಲ್ಲ” ಎಂದರು. ಎದುರಿಗೆ ಕೂತಿದ್ದ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಎಲೆಯಿಂದ ತಲೆಯೆತ್ತಿ, “ನೀಲಾ ಕಹಾಂ? ಗ್ರೇ ಥಾ” ಎಂದರು. ನನಗೆ ಅದು ಹಸಿರು. ಕಡು ಹಸಿರಲ್ಲ, ನಿಂತ ನೀರಿನ ಮೇಲೆ ಕಟ್ಟುವ ಪಾಚಿಯಂಥದ್ದು. ನಾವೆಲ್ಲ ಆ ಕಾರನ್ನು ಲಿಫ್ಟಿಗೆ ಹೋಗುವಾಗ ಬರುವಾಗ ದಿನಾ ನೋಡಿದವರು. ಕೊನೆಗೆ ಅವರ ಹೆಂಡತಿಯನ್ನು ಕೇಳಿದೆವು, ನಮ್ಮೆಲ್ಲರ ಕಾಕಿಯನ್ನು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, “ಬಣ್ಣ ಯಾವುದಾದ್ರೂ ಇರ್ಲಿ. ಅದರಲ್ಲಿ ನನ್ನ ಎರಡು ನೈಟಿ ಹಾಳಾದದ್ದು ನನಗೆ ಗೊತ್ತುಂಟು” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನೀವು ಏನಾದ್ರೂ ಬರೆಯುವವರು. ಬರೆಯುದಾದ್ರೆ ಹೆಸರು ಹಾಕ್ಬೇಡಿ. ಈ ಸೊಸೈಟಿಯವರು ಸತ್ತವರಿಗೂ ಫೈನ್ ಹಾಕಿಯಾರು” ಎಂದು ಸೆಕ್ರೆಟರಿಯ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿಸಿದರು.

ಹಾಗಾಗಿ ಹೆಸರಿಲ್ಲ. ಡೊಂಬಿವಲಿ ಪೂರ್ವದ ನಮ್ಮ ಬಿಲ್ಡಿಂಗಿನಲ್ಲಿ ಅವರು ಎಲ್ಲರಿಗೂ ಕಾಕಾ. ಅವರು ಮಾತ್ರ ಯಾರನ್ನೂ ಹೆಸರಿಟ್ಟು ಕರೆಯುತ್ತಿರಲಿಲ್ಲ. ನಾನು ‘ಧಾರವಾಡದವ್ರು’. ಮೇಲಿನ ಮನೆಯ ಮೈಸೂರಿನ ಜೋಡಿ ‘ಐಟಿಯವ್ರು’. ಸೆಕ್ರೆಟರಿ, ಎದುರಿಗೆ ‘ಸಾಹೇಬ್’, ಹಿಂದಿನಿಂದ ‘ಆ ಮನುಷ್ಯ’.

ಕಾರ್ಕಳದ ಕಡೆಯವರು. ಡೊಂಬಿವಲಿಯ ಕಾರ್ಖಾನೆಗಳ ಸಾಲಿನಲ್ಲಿ, ಬಟ್ಟೆಯ ಬಣ್ಣ ತಯಾರಿಸುವ ಒಂದು ಕಂಪನಿಯಲ್ಲಿ ಶೇಡ್ ನೋಡುವ ಕೆಲಸದಲ್ಲಿದ್ದರು. ಹೊಸ ಲಾಟಿನ ಬಣ್ಣ ಹಳೆಯ ಸ್ಯಾಂಪಲ್ಲಿಗೆ ಹೊಂದುತ್ತದೆಯೋ ಇಲ್ಲವೋ ಎಂದು ಕಣ್ಣಿನಿಂದಲೇ ನೋಡಿ ಹೇಳುವುದು. ಕೆಲಸದಿಂದ ನಿವೃತ್ತರಾದರು, ಕಣ್ಣು ನಿವೃತ್ತವಾಗಲಿಲ್ಲ. ಕೈಗೆ ಏನು ಕೊಟ್ಟರೂ ಉತ್ತರ ದಿಕ್ಕಿನ ಕಿಟಕಿಗೆ ಒಯ್ದು, ಎಡಗಣ್ಣು ಕಿರಿದು ಮಾಡಿ, ಹಿಂದೆ ಮುಂದೆ ಹಿಡಿದು ನೋಡುವರು. ಟೊಮೆಟೊ ಆಗಬಹುದು, ಹೊಸ ಅಂಗಿ ಆಗಬಹುದು, ಒಮ್ಮೆ ನನ್ನ ಮದುವೆಯ ಫೋಟೊ. “ಬಣ್ಣವನ್ನೂ ಮೀನನ್ನೂ ಟ್ಯೂಬ್‌ಲೈಟಿನಲ್ಲಿ ನೋಡಬಾರದು ಮಾರಾಯ್ರೆ” ಎಂಬುದು ಅವರು ಎಲ್ಲಿ ಬೇಕಾದರೂ ಹೇಳುತ್ತಿದ್ದ ಮಾತು. ನಾನು ಜ್ವರದಿಂದ ಎದ್ದು ಲಿಫ್ಟಿಗೆ ಕಾಯುತ್ತಿದ್ದ ದಿನ ಅವರು ನನ್ನನ್ನೂ ಬೆಳಕಿಗೆ ತಿರುಗಿಸಿ, “ಇನ್ನೂ ಅರ್ಧ ಶೇಡ್ ಕಡಿಮೆ ಇದ್ದೀರಿ. ಆಫೀಸಿಗೆ ಹೋಗ್ಬೇಡಿ” ಎಂದರು. ಹೋದೆ. ಮಧ್ಯಾಹ್ನ ಠಾಣೆಯ ಆಫೀಸಿನಲ್ಲಿ ತಲೆ ಸುತ್ತಿ ಕೂತೆ. ಅಥವಾ ತಲೆ ಸುತ್ತಿದ್ದು ಬೇರೆ ಯಾವುದೋ ಜ್ವರದಲ್ಲಿ. ಅವರ ಮಾತು ನಿಜವಾಗಲೆಂದು ಈಗ ನಾನೇ ಎರಡನ್ನೂ ಸೇರಿಸಿ ಹೊಲಿಯುತ್ತಿರಬಹುದು. ಸತ್ತವರು ನಮ್ಮ ಕೈಯಲ್ಲಿ ಬೇಗ ಜಾಣರಾಗಿಬಿಡುತ್ತಾರೆ. ಅಷ್ಟೇನೂ ಜಾಣರಲ್ಲದ ಕಾಕಾನ ವಿಷಯ ಹೇಳುತ್ತೇನೆ. ಅದಕ್ಕೆ ಸಾಕ್ಷಿ ಹೆಚ್ಚು.

ಅವರ ಮನೆಯಲ್ಲಿ ಒಂದು ಹಾಲು, ಒಂದು ಬೆಡ್‌ರೂಮು, ಒಂದು ಅಡುಗೆಮನೆ. ಬೆಡ್‌ರೂಮು ಮಗ ಸೊಸೆಯದು. ಹಾಲು ಟೀವಿಯದು, ಟೀವಿ ಕಾಕಿಯದು. ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ ನಿಂತ ಮೇಲೆ ಮನುಷ್ಯರು ನಿಲ್ಲುವುದಕ್ಕೆ ಜಾಗವಿರಲಿಲ್ಲ. ಸೊಸೆ ಕಲ್ಯಾಣದ ಮರಾಠಿ ಹುಡುಗಿ. ಮಾವ ಕನ್ನಡದಲ್ಲಿ ಕೇಳುವರು, ಅವಳು ಮರಾಠಿಯಲ್ಲಿ ಉತ್ತರಿಸುವಳು. ಒಬ್ಬರದು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತು, ತಿಳಿಯದ ಅರ್ಧದಿಂದಾಗಿ ಮನೆ ಶಾಂತವಾಗಿತ್ತು. ಜಗಳವಿರಲಿಲ್ಲ ಆ ಮನೆಯಲ್ಲಿ. ಒಬ್ಬರೇ ಇರಲು ಒಂದು ಮೂಲೆಯೂ ಇರಲಿಲ್ಲ. ಬಾತ್‌ರೂಮಿನಲ್ಲಿ ಸ್ವಲ್ಪ ಹೊತ್ತು ಹೆಚ್ಚು ಕೂತರೆ ಹೊರಗಿನಿಂದ ಯಾರಾದರೂ ಕೆಮ್ಮುತ್ತಿದ್ದರು.

ಕಾಕಾಗೆ ಉಳಿದದ್ದು ಕಾರು.

ಮಗ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದ. ಸಾನಪಾಡಾದ ಅವನ ಆಫೀಸು ನೌಕರರಿಗೆ ಬಸ್ಸು ಬಿಟ್ಟ ಮೇಲೆ ಕಾರು ಬಿಲ್ಡಿಂಗಿನ ಕೆಳಗೆ, ಕಂಬಗಳ ನಡುವಿನ ಪಾರ್ಕಿಂಗಿನಲ್ಲಿ ನಿಂತಿತು, ನಿಂತದ್ದು ನಿಂತೇಬಿಟ್ಟಿತು. ಬೆಳಗಿನ ಚಹಾ ಆದಮೇಲೆ ಕಾಕಾ ಒಂದು ಟವೆಲು, ಒಂದು ಸ್ಟೀಲ್ ಫ್ಲಾಸ್ಕು, ಹಿಂದಿನ ದಿನದ ಕನ್ನಡ ಪತ್ರಿಕೆ ಹಿಡಿದು ಕೆಳಗಿಳಿಯುವರು. ಚಪ್ಪಲಿಯನ್ನು ಕಾರಿನ ಹೊರಗೆ ಜೋಡಿಸಿಟ್ಟು ಒಳಗೆ ಹೋಗುವರು. ನಾಲ್ಕೂ ಕಿಟಕಿಗಳನ್ನು ಹಿಡಿ ತಿರುಗಿಸಿ ಇಳಿಸಿ, ಟವೆಲು ಹಾಸಿ ಡ್ರೈವರ್ ಸೀಟಿನಲ್ಲಿ ಕೂತು, ಪತ್ರಿಕೆಯನ್ನು ಸ್ಟಿಯರಿಂಗ್ ಮೇಲೆ ಹರಡುವರು. ಅಕ್ಕನಿಗೆ ಫೋನು ಮಾಡಿ ತುಳುವಿನಲ್ಲಿ ದೊಡ್ಡದಾಗಿ ನಗುವರು. ಆ ನಗೆ ಮನೆಯಲ್ಲಿ ಯಾರೂ ಕೇಳಿದ್ದಲ್ಲ. ನಾವು ಯಾರಾದರೂ ಹಾದು ಹೋದರೆ ಎಡಗಡೆಯ ಬಾಗಿಲು ತೆರೆದು, “ಒಳಗೆ ಬನ್ನಿ” ಎನ್ನುವರು, ಮನೆಗೆ ಕರೆದ ಹಾಗೆಯೇ. ಒಳಗೆ ಕೂತರೆ ಇಬ್ಬರೂ ಎದುರಿನ ಕಂಬವನ್ನೂ ಅದರ ಮೇಲಿಳಿದ ಪೈಪನ್ನೂ ನೋಡುತ್ತ ಮಾತಾಡಬೇಕು. ಮುಖ ನೋಡುವ ಕಷ್ಟವಿಲ್ಲದ್ದರಿಂದ ನಾನು ನನ್ನ ಮನೆಯಲ್ಲಿ ಹೇಳದ ಎಷ್ಟೋ ಸಂಗತಿಗಳನ್ನು ಆ ಪೈಪಿಗೆ ಹೇಳಿದ್ದೇನೆ. ಊಟವಾದಾಗ ಕಾಕಿ ಮೇಲಿನಿಂದ ಮಿಸ್ಡ್ ಕಾಲ್ ಕೊಡುವರು. ಕಾಕಾ ಗಾಜು ಏರಿಸಿ, ನಾಲ್ಕೂ ಬಾಗಿಲಿಗೆ ಬೀಗ ಹಾಕಿ, ‘ಮನೆಯಿಂದ ಮನೆಗೆ’ ಹೋಗುವರು.

ಹೀಗಿರುವಾಗ ಸೊಸೈಟಿ ಹೊಸ ನಿಯಮ ತಂದಿತು. ಪಾರ್ಕಿಂಗ್ ಕಡಿಮೆ, ಕಾರುಗಳು ಹೆಚ್ಚು, ಅರ್ಧ ಜನ ರಸ್ತೆಯಲ್ಲಿ ನಿಲ್ಲಿಸುತ್ತಿದ್ದರು. ಓಡದ, ತುಕ್ಕು ಹಿಡಿದ ವಾಹನಗಳನ್ನು ಗುಜರಿ, ಇಲ್ಲಿಯ ಮಾತಿನಲ್ಲಿ ಭಂಗಾರ್, ಎಂದು ಹೊರಹಾಕಿ, ಆ ಜಾಗವನ್ನು ಚೀಟಿ ಎತ್ತಿ ಬೇರೆಯವರಿಗೆ ಕೊಡುವುದು ಎಂದು ತೀರ್ಮಾನವಾಯಿತು. ಸೆಕ್ರೆಟರಿ ಸ್ವತಃ ಬಂದು ಕಾರಿನ ಬಾನೆಟ್ ಮೇಲೆ ಬೆರಳಿಟ್ಟರು. ಒಂದು ಚೂರು ಬಣ್ಣ ಹಪ್ಪಳದಂತೆ ಎದ್ದು ಬಂತು.

“ಕಾಕಾ, ಯೇ ಗಾಡಿ ನಹೀಂ ಹೈ. ಭಂಗಾರ್ ಹೈ, ಭಂಗಾರ್.”

“ಸಾಹೇಬ್, ಇಂಜನ್ ಏಕ್‌ದಮ್ ಚಾಲೂ ಹೈ” ಎಂದರು ಕಾಕಾ, ಒಳಗಿನಿಂದಲೇ, ಪತ್ರಿಕೆ ಮಡಿಸದೆ.

“ತೋ ಮೀಟಿಂಗ್ ಕೆ ದಿನ್ ಚಲಾಕೆ ದಿಖಾವ್. ಔರ್ ಗಾಡಿ ಗಾಡಿ ಜೈಸೀ ದಿಖ್‌ನೀ ಚಾಹಿಯೇ.”

ಓಡಿಸಿ ತೋರಿಸಬೇಕು, ನೋಡಲೂ ಕಾರಿನಂತಿರಬೇಕು. ಸೆಕ್ರೆಟರಿ ಹೋದ ಮೇಲೆ ನಾನು ಎಡಗಡೆ ಕೂತೆ. ಕಾಕಾ ಕಂಬವನ್ನು ನೋಡುತ್ತ, “ಜಾಗ ಹೋದ್ರೆ ನಾನು ಎಲ್ಲಿ ಕೂತುಕೊಳ್ಳುದು?” ಎಂದರು. ಕಾರಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.

ಮೆಕ್ಯಾನಿಕ್ ಬಂದು ಬ್ಯಾಟರಿ ಹಾಕಿ ನೋಡಿ, ಇಂಜಿನ್‌ಗೆ ಏನೂ ಆಗಿಲ್ಲ, ಬಾಡಿಯೇ ಹೋಗಿದೆ ಎಂದ. ಕಾಕಿ ಕಿಟಕಿಯಿಂದ, “ಇವರದ್ದು ಉಲ್ಟಾ” ಎಂದರು. ಗ್ಯಾರೇಜಿನವನು ಬಣ್ಣ ಹೊಡೆಯಲು ಹೇಳಿದ ರೇಟು ಕೇಳಿ, “ಅಷ್ಟರಲ್ಲಿ ನಿಮಗೆ ಬಾಯಿ ತುಂಬ ಹಲ್ಲು ಕಟ್ಟಿಸಬಹುದು” ಎಂದರು. ಕಾಕಾ ಕನ್ನಡಕ ಒರೆಸಿಕೊಂಡರು. ಬಣ್ಣದ ಕಂಪನಿಯಲ್ಲಿ ಆಯುಷ್ಯ ಕಳೆದವನು ಬಣ್ಣಕ್ಕೆ ಬೇರೆಯವರಿಗೆ ದುಡ್ಡು ಕೊಡುವುದೆಂದರೆ ಮೀನುಗಾರ ಮೀನು ಕೊಂಡ ಹಾಗೆ ಎಂದು ಅವರು ಆಮೇಲೆ ಹೇಳಿದ್ದಾಗಿ ಮಗ ಹೇಳುತ್ತಾನೆ. ನನಗೆ ನೆನಪಿರುವುದು ಇಷ್ಟೇ: “ನಾನೇ ಹೊಡಿತೇನೆ.”

ಫೋನಿನಲ್ಲಿ ವೀಡಿಯೊಗಳನ್ನು ನೋಡಿದರು. ಅಮೆರಿಕದ ಯಾವನೋ ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ ಕಾರಿಗೆ ಸ್ಪ್ರೇ ಪೇಂಟ್ ಮಾಡುವುದನ್ನು ಕಲಿಸುತ್ತಿದ್ದ. “ಅವನ ಗ್ಯಾರೇಜಿನ ಒಳಗೆ ನಮ್ಮ ಇಡೀ ಬಿಲ್ಡಿಂಗ್ ಹಿಡಿಸ್ತದೆ. ಅದಕ್ಕೆ ಅವನು ‘ಮನೆಯಲ್ಲೇ’ ಅಂತಾನೆ. ಯಾವ ಮನೆ ಮಾರಾಯ್ರೆ ಅದು?” ಅವನ ಬಳಿ ಕಂಪ್ರೆಸರ್ ಇತ್ತು, ಸ್ಪ್ರೇ ಗನ್ ಇತ್ತು, ತಲೆಗೆ ಹಾಕುವ ಮುಸುಕಿತ್ತು. ಕಾಕಾ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದರು. ಹಿಂದೊಂದು ಕಾಲದಲ್ಲಿ ಟೈ ಕಟ್ಟಿದ ಹುಡುಗರು ಮನೆಮನೆಗೆ ಬಂದು ಮಾರುತ್ತಿದ್ದ ವ್ಯಾಕ್ಯೂಮ್ ಕ್ಲೀನರ್. ಅದರ ಜೊತೆ ಬಂದ ಹತ್ತಾರು ಬಾಯಿ, ಬ್ರಷ್ಷುಗಳ ನಡುವೆ, ಹಿಂದಿನಿಂದ ಗಾಳಿ ಊದುವ ತೂತಿಗೆ ಸಿಕ್ಕಿಸುವ ಒಂದು ಸ್ಪ್ರೇ ಡಬ್ಬಿಯೂ ಇತ್ತು, ಪ್ಲಾಸ್ಟಿಕ್ ಚೀಲ ಬಿಚ್ಚದೆ. ನಮ್ಮೆಲ್ಲರ ಮನೆಯಲ್ಲೂ ಆ ಡಬ್ಬಿ ಇದ್ದಿರಬೇಕು. ಭೂಮಿಯ ಮೇಲೆ ಅದನ್ನು ಬಳಸಿದ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.

ಮೊದಲು ಹಳೆ ಬಣ್ಣ ಉಜ್ಜಬೇಕು. ನೀರಿನಲ್ಲಿ ನೆನೆಸಿ ಉಜ್ಜುವ ವಾಟರ್ ಪೇಪರ್ ತಂದರು. ಮುನಿಸಿಪಾಲಿಟಿಯ ನೀರು ಬರುವ ಹೊತ್ತಿಗೇ ಅವರೂ ಇಳಿಯುವರು. ಹೆಂಗಸರು ಮೇಲೆ ಪಾತ್ರೆ ಉಜ್ಜುವ ಸದ್ದು, ಕೆಳಗೆ ಕಾಕಾ ಕಾರು ಉಜ್ಜುವ ಸದ್ದು. ಉಜ್ಜಿದಷ್ಟೂ ತುಕ್ಕು, ತುಕ್ಕು ಉಜ್ಜಿದರೆ ತೂತು. ತೂತಿಗೆ ಪುಟ್ಟಿ ಮೆತ್ತಲು ಕೈಗೆ ಸಿಕ್ಕಿದ್ದು ಅಡುಗೆಮನೆಯ ಸಟ್ಟುಗ.

“ಹೋಯ್! ಅದು ನನ್ನ ದೋಸೆ ಮಗುಚುವ ಸಟ್ಟುಗ!” ಕಾಕಿಯ ಧ್ವನಿ ಮೂರನೆಯ ಮಹಡಿಯ ನನಗೂ ಕೇಳಿತು.

“ಈಗ ಅಲ್ಲ.”

“ನಾಳೆ ದೋಸೆಗೆ ಎಂತ ಮಾಡುದು?”

“ಉಪ್ಪಿಟ್ಟು ಮಾಡು.”

ಕಾಕಿ ಹೊಸ ಸಟ್ಟುಗ ತಂದರು. ಎರಡನೆಯ ಸಲದ ಪುಟ್ಟಿಗೆ ಕಾಕಾ ಅದನ್ನೂ ಒಯ್ದರು. ಆ ತಿಂಗಳು ಅವರ ಮನೆಯಲ್ಲಿ ಉಪ್ಪಿಟ್ಟೇ ಇತ್ತೆಂದು ಸೊಸೆ ಇಂದಿಗೂ ಹೇಳುತ್ತಾಳೆ, ಕನ್ನಡದ ‘ಉಪ್ಪಿಟ್ಟು’ ಎಂಬ ಶಬ್ದವನ್ನೇ ಬಳಸಿ. ಅವಳಿಗೆ ಪೂರ್ತಿ ಬರುವ ಕೆಲವೇ ಕನ್ನಡ ಶಬ್ದಗಳಲ್ಲಿ ಅದೂ ಒಂದು.

ಬಣ್ಣಕ್ಕೆ ಮೊದಲಿನ ತಳಪದರ, ಪ್ರೈಮರ್, ಹೊಡೆಯುವ ದಿನ ಮೊದಲ ಮಹಡಿಯ ಅವರ ಕಿಟಕಿಯಿಂದ ವೈರು ಇಳಿಬಿಟ್ಟರು. ಕಾಕಾ ಕಾಕಿಯ ಹಳೆ ನೈಟಿಯನ್ನು ಅಂಗಿಯ ಮೇಲೆ ಹಾಕಿಕೊಂಡು, ಮುಖಕ್ಕೆ ಬಟ್ಟೆ ಕಟ್ಟಿ, ಬೂದು ಪ್ರೈಮರಿಗೆ ಥಿನ್ನರ್ ಬೆರೆಸಿ ಡಬ್ಬಿಗೆ ಸುರಿದರು. ಸ್ವಿಚ್ ಹಾಕುವುದು ನನ್ನ ಕೆಲಸ. ಹಾಕಿದೆ. ವಿಮಾನ ಇಳಿದಂತೆ ಸದ್ದಾಯಿತು. ಗೇಟಿನ ಬಳಿ ಮಲಗಿದ್ದ ನಾಯಿ ಎದ್ದು ಸ್ಟೇಷನ್ ರೋಡಿನ ಕಡೆ ಓಡಿತು. ಡಬ್ಬಿ ಮೊದಲು ಕೆಮ್ಮಿತು, ಆಮೇಲೆ ಉಗುಳಿತು, ಕೊನೆಗೆ ಹದಕ್ಕೆ ಬಂತು. ಮೊದಲ ಕೋಟು ಕಾರಿಗಿಂತ ಹೆಚ್ಚಾಗಿ ನೈಟಿಗೆ ಬಿತ್ತು. ಎರಡನೆಯ ಹೊತ್ತಿಗೆ ಅವರ ಕೈ ಪಳಗಿತು. ತೋಳು ಮಡಿಸದೆ, ಒಂದೇ ದೂರದಲ್ಲಿ, ಬಾಗಿಲಿನ ಈ ಅಂಚಿನಿಂದ ಆ ಅಂಚಿಗೆ ಇಡೀ ಮೈ ತೂಗುತ್ತ ಹೋಗುವರು. ನೈಟಿಯ ಹೂಗಳು ಅವರ ಹಿಂದೆಯೇ ತೂಗುವವು. ನಾನು ನಗಲಿಲ್ಲ. ಸ್ವಿಚ್ಚಿನ ಕಡೆ ಮುಖ ಮಾಡಿ ನಿಂತೆ.

ತಪ್ಪಾದದ್ದು ಆಮೇಲೆ. ಪಕ್ಕದಲ್ಲಿ ಹಳೆ ಬಿಲ್ಡಿಂಗ್ ಕೆಡವುತ್ತಿದ್ದರು, ಗಾಳಿಯಲ್ಲಿ ಸಿಮೆಂಟಿನ ಪುಡಿ. ಪ್ರೈಮರ್ ಇನ್ನೂ ಕೈಗೆ ಅಂಟುತ್ತಿತ್ತು. ಮುಚ್ಚಬೇಕು. ಕಾಕಾನ ಮಂಚದ ಕೆಳಗೆ ಕನ್ನಡ ಪತ್ರಿಕೆಗಳ ರಾಶಿಯಿತ್ತು. ಮನೆಯ ಮರಾಠಿ, ಇಂಗ್ಲಿಷ್ ಪತ್ರಿಕೆಗಳೆಲ್ಲ ತಿಂಗಳಿಗೊಮ್ಮೆ ರದ್ದಿಗೆ ಹೋದರೂ ಇವು ಹೋಗುತ್ತಿರಲಿಲ್ಲ. “ಕನ್ನಡವನ್ನು ತೂಕಕ್ಕೆ ಹಾಕ್ಲಿಕ್ಕೆ ಮನಸ್ಸಾಗುದಿಲ್ಲ” ಎನ್ನುತ್ತಿದ್ದರು. ಊರು ಬಿಟ್ಟು ಬಂದ ನಮ್ಮಂಥವರ ಎಷ್ಟೋ ಮನೆಗಳಲ್ಲಿ ಮಂಚ ಹೀಗೆ ಪತ್ರಿಕೆಯ ಮೇಲೆಯೇ ನಿಂತಿರುತ್ತದೆ. ಕಾಕಾ ಆ ರಾಶಿಯನ್ನು ಇಳಿಸಿ, ಹಾಳೆ ಹಾಳೆಯಾಗಿ, ಮಗುವಿಗೆ ಹೊದಿಸಿದ ಹಾಗೆ, ಕಾರಿನ ಮೈತುಂಬ ಅಂಗೈಯಿಂದ ಒತ್ತಿ ಒತ್ತಿ ಹೊದಿಸಿದರು.

ಮರುದಿನ ಬೆಳಿಗ್ಗೆ ಹಾಳೆ ತೆಗೆದರೆ ಪತ್ರಿಕೆಯ ಶಾಯಿಯೆಲ್ಲ ಪ್ರೈಮರಿಗೆ ಇಳಿದಿತ್ತು. ಬಾನೆಟ್ಟಿನಿಂದ ಡಿಕ್ಕಿಯವರೆಗೆ ಕನ್ನಡ ಅಕ್ಷರಗಳು, ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ.

“ಹಿಂಗ್ಯಾಕ ಆತ್ರಿ ಕಾಕಾ?” ಎಂದೆ.

ಅವರು ಎಡಗಣ್ಣು ಕಿರಿದು ಮಾಡಿ ನೋಡಿ, “ಅಕ್ಷರ ಮಾತ್ರ ಶಾರ್ಪ್ ಬಂದಿದೆ” ಎಂದರು.

ಅಷ್ಟರಲ್ಲಿ ಹಾಲು ತರಲು ಹೊರಟ ಸೆಕ್ರೆಟರಿ ಕಂಬದ ಬಳಿಯೇ ನಿಂತುಬಿಟ್ಟರು. ಬೂದು ಕಾರು, ಅದರ ಮೈತುಂಬ ಗುಂಡುಗುಂಡಾದ ಕಪ್ಪು ಅಕ್ಷರ, ಪಕ್ಕದಲ್ಲಿ ನೈಟಿ ಹಾಕಿದ ಮುದುಕ.

“ಕಾಕಾ... ಯೇ ಕ್ಯಾ ಹೈ? ಜಾದೂಟೋಣಾ ಹೈ ಕ್ಯಾ?”

“ಮಾಟವಲ್ಲ ಸಾಹೇಬ್, ನ್ಯೂಸ್ ಹೈ. ಪುರಾನಾ ನ್ಯೂಸ್.”

“ಕ್ಯಾ ಲಿಖಾ ಹೈ?”

ಓದಬೇಕಲ್ಲ. ಕಾಕಿ ಪೌಡರ್ ಹಚ್ಚಿಕೊಳ್ಳುವ ಕನ್ನಡಿ ಹಿಡಿದು ಇಳಿದು ಬಂದರು. ಕನ್ನಡಿಯನ್ನು ಬಾಗಿಲ ಮುಂದೆ ಹಿಡಿದು ಓದತೊಡಗಿದರು. “ಇಲ್ಲಿ ಬಂಗುಡೆ ಮೀನಿನ ರೇಟ್ ಉಂಟು. ಇಲ್ಲಿ... ವಧು ಬೇಕಾಗಿದೆ, ಸರಳ ಸ್ವಭಾವದ, ಉದ್ದ ಕೂದಲಿನ... ಹೋಯ್, ಇದು ನಿಮ್ಮ ಡ್ರೈವರ್ ಸೀಟಿನ ಬಾಗಿಲು. ಎಂತದು ಇದು?”

“ನಾನು ಹಾಕಿದ್ದಲ್ಲ ಮಾರಾಯ್ತಿ!”

“ಹಾಕಿದ್ದು ನೀವೇ ಅಲ್ವಾ? ಕೈಯಾರೆ ಒತ್ತಿ ಒತ್ತಿ ಹಾಕಿದ್ದೀರಿ.”

ಸೆಕ್ರೆಟರಿಗೆ ಏನೂ ತಿಳಿಯದಿದ್ದರೂ ಕಾಕಾಗೆ ಬೈಗುಳ ಬೀಳುತ್ತಿದೆ ಎಂಬುದು ತಿಳಿಯಿತು. ಸಮಾಧಾನವಾಗಿ ಹಾಲಿಗೆ ಹೋದರು.

ಮತ್ತೆ ಉಜ್ಜುವುದು. ಹಿಂದಿನ ಬಾಗಿಲಿಗೆ ಬಂದಾಗ ಕಾಕಾ ನಿಂತರು. ಅಲ್ಲಿ ಯಾರದೋ ಶ್ರದ್ಧಾಂಜಲಿ, ಫೋಟೊ ಸಮೇತ ಇಳಿದಿತ್ತು. ಪೇಟ ಸುತ್ತಿದ ಒಬ್ಬ ಹಿರಿಯರು, ಎಡಕ್ಕಿರಬೇಕಾದ ಹೂಮಾಲೆಯ ಗಂಟು ಬಲಕ್ಕೆ. ಕಾಕಾ ವಾಟರ್ ಪೇಪರನ್ನು ನೀರಿಗದ್ದಿ, ತೆಗೆದು, ಮತ್ತೆ ಅದ್ದಿದರು. “ಇವರನ್ನು ಉಜ್ಜುದು ಹೇಗೆ ಮಾರಾಯ್ರೆ?” ಕೊನೆಗೆ ಫೋಟೊದ ಕಡೆ ಬಗ್ಗಿ, “ಕ್ಷಮಿಸಿ ಆಯ್ತಾ” ಎಂದು ಹೇಳಿ, ಮುಖವನ್ನು ಕೊನೆಗೆ ಉಳಿಸಿಕೊಂಡು ಸುತ್ತಲಿಂದ ಉಜ್ಜುತ್ತ ಬಂದರು.

ಇನ್ನು ಬಣ್ಣ. ಬೇರೆ ಬಣ್ಣ ಹೊಡೆದರೆ ಆರ್‌ಟಿಓ ಕಚೇರಿಗೆ ಅಲೆಯಬೇಕು. ಆದ್ದರಿಂದ ಕಾರಿನ ಮೂಲ ಬಣ್ಣವೇ ಆಗಬೇಕು. ಮೂಲ ಬಣ್ಣ ಬಿಸಿಲು ಕಾಣದೆ ಉಳಿದದ್ದು ಪೆಟ್ರೋಲ್ ಹಾಕುವ ತೂತಿನ ಮುಚ್ಚಳದ ಒಳಮೈಯಲ್ಲಿ. ಕಾಕಾ ಮುಚ್ಚಳವನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಆ ಬಣ್ಣದ ತಯಾರು ಡಬ್ಬಿ ದುಬಾರಿ. ಕಲ್ಯಾಣದ ಒಂದು ಅಂಗಡಿಯಲ್ಲಿ ಬೇರೆಯವರ ಕೆಲಸ ಮುಗಿದು ಉಳಿದ ಅರ್ಧ ಡಬ್ಬಿಗಳು ಅಗ್ಗಕ್ಕೆ ಸಿಗುತ್ತಿದ್ದವು. ಅವುಗಳನ್ನು ತಂದು ಬಕೆಟಿನಲ್ಲಿ ಬೆರೆಸಿ, ಕಡ್ಡಿಗೆ ಹಚ್ಚಿಕೊಂಡು, ಟೆರೇಸಿನ ನೀರಿನ ಟ್ಯಾಂಕಿನ ಉತ್ತರ ಬದಿಗೆ ಹತ್ತುವರು. ಮುಚ್ಚಳದ ಪಕ್ಕ ಹಿಡಿದು ನೋಡುವರು. ಇಳಿಯುವರು. ಒಂದು ಹನಿ ಹಳದಿ. ಮತ್ತೆ ಹತ್ತುವರು. ಲಿಫ್ಟು ಆ ವಾರ ಕೆಟ್ಟಿತ್ತು ಎಂದು ಬರೆಯಲು ಕೈ ತುಡಿಯುತ್ತಿದೆ, ಕೆಟ್ಟಿರಲಿಲ್ಲ. ಥಿನ್ನರ್ ವಾಸನೆಗೆ ಯಾರೂ ಅವರನ್ನು ಲಿಫ್ಟಿನೊಳಗೆ ಬಿಡುತ್ತಿರಲಿಲ್ಲ, ಅಷ್ಟೇ. ಒಂದು ಬೆಳಿಗ್ಗೆ ಟೆರೇಸಿನಿಂದ “ಸಮ! ಸಮ!” ಎಂದು ಕೂಗು ಕೇಳಿತು. ಸಂಡಿಗೆ ಹಾಕುತ್ತಿದ್ದ ಐಟಿಯವರ ತಾಯಿ ಹೆದರಿ ಓಡಿ ಬಂದರಂತೆ.

ಆ ಬಣ್ಣವೂ ವ್ಯಾಕ್ಯೂಮ್ ಕ್ಲೀನರಿನ ಹಿಂಬದಿಯಿಂದಲೇ ಬಂತು. ಎರಡನೆಯ ನೈಟಿ ಹೋದದ್ದು ಆಗ. ಹಸಿ ಬಣ್ಣಕ್ಕೆ ಸೊಳ್ಳೆಗಳು ಬಂದು ಕೂತವು, ಕೂತಲ್ಲೇ ಉಳಿದವು. ನಾನು ಚಿಮಟದಿಂದ ಒಂದೊಂದೇ ತೆಗೆಯಲು ಹೋದೆ. “ಬಿಡಿ, ಅವೂ ಈ ಸೊಸೈಟಿಯ ಮೆಂಬರುಗಳೇ” ಎಂದರು.

ಒಣಗಿದ ಮೇಲೆ ನಾಲ್ಕು ಜನ ಸೇರಿ ಕಾರನ್ನು ಅಂಗಳದ ಬಿಸಿಲಿಗೆ ನೂಕಿದೆವು. ಟ್ಯೂಬ್‌ಲೈಟಿನ ಕೆಳಗೆ ಬೂದು ಬಣ್ಣದ್ದಾಗಿದ್ದ ಕಾರು ಬಿಸಿಲಿಗೆ ಬಂದದ್ದೇ ನೀಲಿಯಾಯಿತು. ಸಂಜೆ ವಾಪಸ್ ನೂಕುವಾಗ ಓರೆಬೆಳಕಿನಲ್ಲಿ ಹಸಿರು. ಉತ್ತರದ ಬೆಳಕಿನಲ್ಲಿ ಮಾತ್ರ ಮುಚ್ಚಳಕ್ಕೂ ಕಾರಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಬೆಳಕು ಬದಲಾದರೆ ಬಣ್ಣವೂ ಬದಲಾಗುವುದು ಅವರ ಕಸುಬಿನಲ್ಲಿ ದೊಡ್ಡ ರೋಗ. ಕಾಕಾ ಮೆಟ್ಟಿಲ ಮೇಲೆ ಕೂತರು.

“ಧಾರವಾಡದವ್ರೇ, ಇಂಥ ಲಾಟು ಬಂದ್ರೆ ನಾನು ನೋಡಿದ ಕೂಡ್ಲೇ ವಾಪಸ್ ಕಳಿಸ್ತಿದ್ದೆ.”

“ಈಗ ಯಾರಿಗೆ ಕಳಸ್ತೀರಿ ಕಾಕಾ?”

ಅವರು ಬಹಳ ಹೊತ್ತು ನಕ್ಕರು, ಫೋನಿನಲ್ಲಿ ಅಕ್ಕನ ಜೊತೆ ನಗುವ ಹಾಗೆ. ಊಟದ ಪಂಕ್ತಿಯ ಜಗಳಕ್ಕೆ ಇದು ಸರಿಯಾದ ಉತ್ತರವೆಂದು ನೀವು ತಿಳಿಯಬಹುದು. ಬಹಳ ಚೊಕ್ಕವಾಗಿ ಹೊಂದುತ್ತದೆ; ಅದಕ್ಕೇ ನನಗೆ ಪೂರ್ತಿ ನಂಬಿಕೆಯಿಲ್ಲ. ನಾವು ಸುಮ್ಮನೆ ಮರೆತಿರಲೂಬಹುದು.

ಮೀಟಿಂಗಿನ ಭಾನುವಾರ ಕಮಿಟಿಯವರು ಕಾರಿನ ಸುತ್ತ ನಡೆದರು. ಸೆಕ್ರೆಟರಿ ಬಾನೆಟ್ ಸವರಿದರು. ಅದು ಮೋಸಂಬಿ ಸಿಪ್ಪೆಯಂತೆ ದಡ್ಡುದಡ್ಡಾಗಿತ್ತು.

“ಕಾಕಾ, ಯೇ ಕ್ಯಾ ಡಿಝೈನ್ ಹೈ?”

“ಟೆಕ್ಸ್ಚರ್, ಸಾಹೇಬ್” ಎಂದರು ಕಾಕಾ, ಕಣ್ಣು ಮಿಟುಕಿಸದೆ.

ಇನ್ನು ಓಡಿಸಿ ತೋರಿಸಬೇಕು. ಮಗ ಅಂದು ಆಫೀಸಿನ ಕೆಲಸಕ್ಕೆ ಪುಣೆಗೆ ಹೋಗಿದ್ದ. ಕಾಕಾಗೆ ಡ್ರೈವಿಂಗ್ ಬಾರದು ಎಂಬುದು, ಆ ಸೀಟಿನಲ್ಲಿ ಅವರನ್ನು ವರ್ಷಗಟ್ಟಲೆ ನೋಡಿದ್ದ ನಮಗೆ ಯಾರಿಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅಷ್ಟರಲ್ಲಿ ಸೊಸೆ ಇಳಿದು ಬಂದಳು. ಓಢಣಿಯನ್ನು ಸೊಂಟಕ್ಕೆ ಬಿಗಿದು, ಕೈ ಚಾಚಿ ಕೀಲಿ ಕೇಳಿದಳು. “ಪಪ್ಪಾ, ಏಕ್ ರೌಂಡ್ ಮಾರೂನ್ ಯೇತೆ.”

ಒಂದು ಸುತ್ತು ಎಂದವಳು ಗೇಟು ದಾಟಿ ಹೋದಳು. ಕಮಿಟಿಯವರು ಗಡಿಯಾರ ನೋಡಿದರು, ಚಹಾ ಕುಡಿದರು, ಓಡುತ್ತದೆ ಎಂದು ಒಪ್ಪಿಕೊಂಡು ಮೀಟಿಂಗಿಗೆ ಹೋದರು. ಜಾಗ ಉಳಿಯಿತು. ಕಾಕಾ ಮಾತ್ರ ಖಾಲಿ ಜಾಗದ ನಡುವೆ ನಿಂತು ಗೇಟು ನೋಡುತ್ತಿದ್ದರು. ಅವಳು ದೂರದ ಶಿಳಫಾಟಾ ಕೂಡುರಸ್ತೆಯವರೆಗೆ ಹೋಗಿ ಬಂದಿದ್ದಳು. ಇಳಿದಾಗ ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು. ಆ ಮುಖ ನಾನು ಅವಳಲ್ಲಿ ಹಿಂದೆಂದೂ ಕಂಡಿರಲಿಲ್ಲ.

“ಪಪ್ಪಾ, ಸೋಮವಾರ್‌ಪಾಸೂನ್ ಮೀ ಹೀ ಘೇವೂನ್ ಜಾವೂ ಕಾ ಆಫೀಸ್‌ಲಾ?”

ಕಾರನ್ನು ತಾನು ಆಫೀಸಿಗೆ ಒಯ್ಯಲೇ ಎಂದು ಕೇಳುತ್ತಿದ್ದಳು. ಅವಳ ಆಫೀಸು ಐರೋಲಿಯಲ್ಲಿ. ಬೆಳಗಿನ ಲೋಕಲ್ ರೈಲಿನಲ್ಲಿ ಠಾಣೆ, ಅಲ್ಲಿ ಗಾಡಿ ಬದಲಿಸಿ ಐರೋಲಿ. ಡೊಂಬಿವಲಿಯಲ್ಲಿ ಬೆಳಿಗ್ಗೆ ಲೇಡೀಸ್ ಡಬ್ಬಿಗೆ ಹತ್ತುವುದೆಂದರೇನು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆ ನೂಕಾಟದಿಂದ ಒಂದು ಸಂಜೆ ಅವಳು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಿದ್ದಳು. ಕಾಕಾ ಒಮ್ಮೆ ಅವಳು ಮರೆತ ಟಿಫಿನ್ ಡಬ್ಬಿ ಕೊಡಲು ಸ್ಟೇಷನ್ನಿಗೆ ಹೋದವರು, ಕೊಡಲಾಗದೆ ಹಾಗೇ ಹಿಡಿದುಕೊಂಡು ಮರಳಿದ್ದರು. ಅಲ್ಲಿ ಏನು ಕಂಡರೆಂದು ಯಾರಿಗೂ ಹೇಳಿರಲಿಲ್ಲ. ಈಗ ಅವರು ಕಾರನ್ನು ನೋಡಿದರು, ಅವಳನ್ನು ನೋಡಿದರು. ನಾನು ಪಕ್ಕದಲ್ಲೇ ಇದ್ದೆ. ಹೆಚ್ಚು ಹೊತ್ತೇನೂ ಆಗಲಿಲ್ಲ.

“ತಕೊಂಡು ಹೋಗು ಮಗಾ” ಎಂದರು. ಅವಳಿಗೆ ಅದು ಅನುವಾದವಿಲ್ಲದೆ ತಿಳಿಯಿತು.

ಕಾಕಿ ಅಂದು ಅವರಿಗೆ ದೋಸೆ ಮಾಡಿದರು. ನನ್ನ ಕಿವಿಯಲ್ಲಿ, “ಕಾರು ಅಷ್ಟು ಚಂದ ಮಾಡಬಾರದಿತ್ತು. ಸ್ವಲ್ಪ ಅಸಹ್ಯ ಇಟ್ಟಿದ್ರೆ ಯಾರೂ ಕೇಳ್ತಿರ್ಲಿಲ್ಲ” ಎಂದರು.

ಸೋಮವಾರದಿಂದ ಕಾಕಾನ ಕೋಣೆ ಬೆಳಿಗ್ಗೆ ಐರೋಲಿಗೆ ಹೋಗಿ ಸಂಜೆ ಬರತೊಡಗಿತು. ಮೊದಲ ಒಂದೆರಡು ದಿನ ಅವರು ಹಾಲಿನಲ್ಲಿ ಟೀವಿಯ ಮುಂದೆ ಕೂತರಂತೆ. ಆಮೇಲೆ ಮಡಿಸುವ ಒಂದು ಕುರ್ಚಿ ಹಿಡಿದು ಇಳಿದರು. ಖಾಲಿ ಪಾರ್ಕಿಂಗಿನಲ್ಲಿ, ನೆಲದ ಮೇಲಿನ ಬಿಳಿ ಗೆರೆಗಳ ಒಳಗೆ, ಬಲಭಾಗಕ್ಕೆ ಸರಿಯಾಗಿ ಕುರ್ಚಿ ಹಾಕಿ ಕೂತು ಪತ್ರಿಕೆ ಬಿಡಿಸಿದರು. ಸೆಕ್ರೆಟರಿ ಬಂದರು.

“ಕಾಕಾ, ಪಾರ್ಕಿಂಗ್ ಮೇಂ ಖುರ್ಚೀ? ರೂಲ್ ನಹೀಂ ಹೈ.”

“ಗಾಡಿ ಬಾಹರ್ ಗಯೀ ಹೈ ಸಾಹೇಬ್. ಮೈಂ ಅಂದರ್ ಬೈಠಾ ಹೂಂ.”

ಗಾಡಿ ಹೊರಗೆ, ಕಾಕಾ ಒಳಗೆ. ಸೆಕ್ರೆಟರಿ ಬಿಳಿ ಗೆರೆ ನೋಡಿದರು, ಕುರ್ಚಿ ನೋಡಿದರು. ಯಾವ ನಿಯಮ ಮುರಿದಿದೆ ಎಂದು ಅವರಿಗೂ ಹೊಳೆಯಲಿಲ್ಲ. ಹೊರಟು ಹೋದರು.

ಹೀಗೆ ನಡೆಯಿತು. ನಾನು ಕೊನೆಯದಾಗಿ ಹೇಳುವುದು ಯಾವುದೋ ಒಂದು ಸಂಜೆಯದು. ಹಲವು ಸಂಜೆಗಳದೂ ಇರಬಹುದು. ಒಂದರ ಮೇಲೊಂದು ಕೂತು ಒಂದೇ ಆಗಿವೆ. ನಾನು ಆಫೀಸಿನಿಂದ ಬರುವಾಗ ಕಾರು ಗೇಟಿನೊಳಗೆ ಬಂತು. ಕಾಕಾ ಕುರ್ಚಿ ಮಡಿಸಿ, ಕೈ ಬೀಸುತ್ತ ಹಿಂದೆ ಹಿಂದೆ ನಡೆದು, ಅವಳನ್ನು ಸರಿಯಾಗಿ ಗೆರೆಗಳ ನಡುವೆ ನಿಲ್ಲಿಸಿದರು. ಇಂಜಿನ್ ನಿಂತಿತು. ಅವಳು ಇಳಿಯಲಿಲ್ಲ. ಗಾಜು ಏರಿಸಿಕೊಂಡು, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು, ಎದುರಿನ ಕಂಬ ನೋಡುತ್ತ ಕೂತಳು. ಫೋನು ನೋಡುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಸುಮ್ಮನೆ ಕೂತಿದ್ದಳು.

ನಾನು ಮಾತಾಡಲು ಬಾಯಿ ತೆರೆದೆ. ಕಾಕಾ ಕೈ ಅಡ್ಡ ಹಿಡಿದು ತಡೆದು, ಕುರ್ಚಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಕಾರಿಗೆ ಬೆನ್ನು ಹಾಕಿ ನಿಂತರು.

ಮೇಲಿನ ಕಿಟಕಿ ತೆರೆಯಿತು. “ಹೋಯ್, ಗಾಡಿ ಬಂದ ಸದ್ದಾಯ್ತಲ್ಲ? ಚಾ ಆರ್ತದೆ, ಅವಳನ್ನು ಕಳಿಸಿ.”

“ಗಾಡಿ ಬಂದಿದೆ” ಎಂದರು ಕಾಕಾ, ತಿರುಗಿ ನೋಡದೆ. “ಅವಳು ಇನ್ನೂ ಬಂದಿಲ್ಲ.”